ಅಂಗಡಿಗೆ ಮುದ್ರೆ, ಒಡವೆಗೆ ಒರೆಯಿಲ್ಲ
(ಪತ್ರಿಕೋದ್ಯಮ ಶಿಕ್ಷಣದ ಮಾನ್ಯತೆಯನ್ನು ಕುರಿತು ಶ್ರಾವಕಧರ್ಮದ ದೃಷ್ಟಿಯಿಂದ ಒಂದು ವಿಚಾರ)

ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಕಡೆಯ ಎರಡು ವರ್ತಕನನ್ನೇ ಎದುರಿಗೆ ನಿಲ್ಲಿಸಿಕೊಂಡು ಹೇಳಿದಂತಿವೆ. ಒಂದು, ಹೀನಾಧಿಕಮಾನೋನ್ಮಾನ: ಕೊಳ್ಳುವಾಗ ಒಂದು ತೂಕ, ಮಾರುವಾಗ ಇನ್ನೊಂದು ತೂಕ ಇಡುವುದು. ಇನ್ನೊಂದು, ಪ್ರತಿರೂಪಕವ್ಯವಹಾರ: ಒಳ್ಳೆಯ ಸರಕಿನಂತೆ ತೋರುವ ಬೇರೊಂದನ್ನು ಒಳ್ಳೆಯದೆಂದು ನಂಬಿಸಿ ಮಾರುವುದು. ಶಾಸ್ತ್ರಕಾರರು ಇವನ್ನು ಜಾಣತನವೆನ್ನಲಿಲ್ಲ, ವ್ಯಾಪಾರದ ಪದ್ಧತಿಯೆನ್ನಲಿಲ್ಲ. ಕಳವಿನ ಸಾಲಿನಲ್ಲಿ ಇಟ್ಟರು. ತಕ್ಕಡಿ ಹಿಡಿದ ಕೈ ಕನ್ನ ಕೊರೆದ ಕೈಯಷ್ಟೇ ತಪ್ಪು ಮಾಡಬಲ್ಲದು ಎಂಬುದು ಅದರ ತಾತ್ಪರ್ಯ.

ಈ ಎರಡು ಅತಿಚಾರಗಳು ದವಸದ ಮಂಡಿಗೂ ಚಿನ್ನಬೆಳ್ಳಿಯ ಅಂಗಡಿಗೂ ಮಾತ್ರ ಅನ್ವಯಿಸುತ್ತವೆ ಎಂದು ತಿಳಿಯುವುದು ಸರಿಯಲ್ಲ. ಹಣ ತೆಗೆದುಕೊಂಡು ಏನನ್ನಾದರೂ ಕೊಡುವೆನೆಂದು ಮಾತು ಕೊಟ್ಟವರೆಲ್ಲರೂ ಅವುಗಳ ವ್ಯಾಪ್ತಿಗೆ ಬರುತ್ತಾರೆ. ವಿದ್ಯೆಯನ್ನು ಕೊಡುವೆನೆಂದು ಶುಲ್ಕ ಪಡೆಯುವ ಕಾಲೇಜು, ಆ ಕಾಲೇಜಿಗೆ ಅಂಕ ಕೊಡುವ ಪರಿಷತ್ತು, ಆ ಅಂಕವನ್ನು ಜಾಹೀರಾತಿನಲ್ಲಿ ಅಚ್ಚು ಹಾಕಿಸುವ ಆಡಳಿತ ಮಂಡಳಿ, ಇವರಾರೂ ಹೊರತಲ್ಲ. ಅದರಲ್ಲಿಯೂ ಪತ್ರಿಕೋದ್ಯಮವನ್ನು ಕಲಿಸುತ್ತೇವೆ ಎನ್ನುವ ವಿಭಾಗಗಳ ವಿಚಾರದಲ್ಲಿ ಈ ಪರೀಕ್ಷೆ ಇನ್ನಷ್ಟು ಕಠಿಣವಾಗಿರಬೇಕು. ಕಾರಣ ಸರಳ. ಆ ವಿಭಾಗಗಳು ಕಲಿಸಬೇಕಾದ ಮೊದಲ ಪಾಠವೇ ಹೇಳಿದ್ದನ್ನು ನಂಬದೆ ಪರಿಶೀಲಿಸುವುದು.

ಬಂಗಾರಪೇಟೆಯಿಂದ ಕಾಣುವ ಚಿತ್ರ

ಬಂಗಾರಪೇಟೆಯೂ ಅದರ ನೆರೆಯ ಚಿನ್ನದ ಗಣಿ ಪ್ರದೇಶವೂ ಪರೀಕ್ಷೆ ಎಂಬ ಮಾತಿನ ಅರ್ಥವನ್ನು ಬಲ್ಲ ಊರುಗಳು. 1880ರಿಂದ ಜಾನ್ ಟೇಲರ್ ಕಂಪೆನಿಯ ಕೈಯಲ್ಲಿ ಬೆಳೆದ ಗಣಿ, ಸುಮಾರು 800 ಟನ್ ಚಿನ್ನವನ್ನು ಕೊಟ್ಟು, 2001ರ ಫೆಬ್ರವರಿ 28ರಂದು ಮುಚ್ಚಿತು. ಆ ನೂರಿಪ್ಪತ್ತು ವರ್ಷಗಳಲ್ಲಿ ಆಳದಿಂದ ಮೇಲೆ ಬಂದ ಅದಿರಿನ ಬೆಲೆಯನ್ನು ಗಣಿಯ ಕಟ್ಟಡದ ಎತ್ತರ ನೋಡಿ ಯಾರೂ ನಿರ್ಧರಿಸಲಿಲ್ಲ. ಮಾದರಿಯನ್ನು ಪುಡಿಮಾಡಿ, ಕರಗಿಸಿ, ಟನ್ನಿಗೆ ಎಷ್ಟು ಚಿನ್ನ ಉಳಿಯಿತು ಎಂದು ತೂಗಿ ನೋಡಿದರು. ಆ ಅಂಕಿ ಇಳಿಯುತ್ತ ಹೋದದ್ದನ್ನು ಮುಚ್ಚಿಡಲು ಯಂತ್ರಗಳ ವೈಭವಕ್ಕಾಗಲಿ, ಶಿವನಸಮುದ್ರದಿಂದ 1902ರಲ್ಲಿಯೇ ಬಂದ ವಿದ್ಯುತ್ತಿನ ಕೀರ್ತಿಗಾಗಲಿ ಸಾಧ್ಯವಾಗಲಿಲ್ಲ.

ಗಣಿ ಮುಚ್ಚಿದ ಮೇಲೆ ಈ ಪ್ರದೇಶದ ಮನೆಗಳಿಗೆ ಉಳಿದ ದಾರಿ ಎರಡು: ರೈಲು ಮತ್ತು ವಿದ್ಯೆ. ಮಾರಿಕುಪ್ಪಂನಿಂದ ಹೊರಟು ಬಂಗಾರಪೇಟೆಯನ್ನು ಹಾದು ಸುಮಾರು 70 ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋಗುವ ಗಾಡಿಗಳಲ್ಲಿ ನಿತ್ಯವೂ ದುಡಿಯುವವರೂ ಓದುವವರೂ ತುಂಬಿರುತ್ತಾರೆ. ಈ ಭಾಗದ ಪದವಿ ಕಾಲೇಜುಗಳು 2017ರಿಂದ ಕೋಲಾರದ ಟಮಕದಲ್ಲಿ ಕೇಂದ್ರವುಳ್ಳ ಬೆಂಗಳೂರು ಉತ್ತರ ವಿಶ್ವವಿದ್ಯಾಲಯಕ್ಕೆ ಸೇರಿವೆ. ಇಲ್ಲಿಯ ಮಗುವೊಂದು ಪತ್ರಿಕೋದ್ಯಮವನ್ನು ಓದಬಯಸಿದರೆ, ಹತ್ತಿರದ ಕಾಲೇಜಿನ ಬಿ.ಎ. ತರಗತಿಯಲ್ಲಿ ಒಂದು ಐಚ್ಛಿಕ ವಿಷಯವಾಗಿ ತೆಗೆದುಕೊಳ್ಳಬೇಕು. ಇಲ್ಲವೆ ಬೆಂಗಳೂರಿನ ಖಾಸಗಿ ಸಂಸ್ಥೆಗಳ ಬಾಗಿಲಿಗೆ ಹೆಚ್ಚಿನ ಶುಲ್ಕದೊಡನೆ ಹೋಗಬೇಕು. ಎರಡೂ ಕಡೆ ಆ ಮಗುವಿನ ತಂದೆತಾಯಿಗೆ ಸಿಗುವ ಭರವಸೆ ಒಂದೇ: ಹೆಬ್ಬಾಗಿಲಿನ ಮೇಲೆ, ಕರಪತ್ರದ ಮೇಲೆ, ಬಸ್ಸಿನ ಬೆನ್ನಿನ ಮೇಲೆ ದಪ್ಪಕ್ಷರದಲ್ಲಿ ಬರೆದ ನ್ಯಾಕ್ ಶ್ರೇಣಿ.

ಆ ಶ್ರೇಣಿ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ಕೇಳಿದವರು ಕಡಿಮೆ.

ಮುದ್ರೆಯ ಒಳಗೆ ಏನಿದೆ?

ರಾಷ್ಟ್ರೀಯ ಮೌಲ್ಯಮಾಪನ ಮತ್ತು ಮಾನ್ಯತಾ ಪರಿಷತ್ತು, ಅಂದರೆ ನ್ಯಾಕ್, 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ 1994ರಲ್ಲಿ ಹುಟ್ಟಿತು. ಅದರ ಕೇಂದ್ರ ಕಚೇರಿ ಬೆಂಗಳೂರಿನಲ್ಲಿಯೇ ಇದೆ. ಅದಕ್ಕೂ ಮೊದಲು ಕಾಲೇಜೊಂದರ ಗುಣವನ್ನು ಹೊರಗಿನವರು ವಿಚಾರಿಸುವ ಕ್ರಮಬದ್ಧ ಪದ್ಧತಿಯೇ ಇರಲಿಲ್ಲ ಎಂಬುದನ್ನು ನೆನೆದರೆ, ಪರಿಷತ್ತಿನ ಹುಟ್ಟು ಒಳ್ಳೆಯ ಕಾರ್ಯವೇ. ಸಂಸ್ಥೆ ತನ್ನ ಬಗ್ಗೆ ತಾನೇ ವರದಿ ಬರೆಯಬೇಕು, ತಜ್ಞರ ತಂಡ ಬಂದು ನೋಡಬೇಕು, ಏಳು ಮಾನದಂಡಗಳಲ್ಲಿ ಅಂಕ ಬೀಳಬೇಕು: ಪಠ್ಯಕ್ರಮ, ಬೋಧನೆ ಮತ್ತು ಮೌಲ್ಯಮಾಪನ, ಸಂಶೋಧನೆ, ಮೂಲಸೌಕರ್ಯ, ವಿದ್ಯಾರ್ಥಿಗಳಿಗೆ ನೆರವು ಮತ್ತು ಅವರ ಪ್ರಗತಿ, ಆಡಳಿತ, ಸಾಂಸ್ಥಿಕ ಮೌಲ್ಯಗಳು. ನಾಲ್ಕು ಅಂಶಗಳ ಅಳತೆಗೋಲಿನಲ್ಲಿ 3.51 ಮತ್ತು ಅದಕ್ಕಿಂತ ಮೇಲಿದ್ದರೆ ‘ಎ ಪ್ಲಸ್ ಪ್ಲಸ್’. ಇಳಿಯುತ್ತ ಹೋಗಿ 1.50 ಮತ್ತು ಅದಕ್ಕಿಂತ ಕೆಳಗಿದ್ದರೆ ‘ಡಿ’, ಅಂದರೆ ಮಾನ್ಯತೆ ಇಲ್ಲ. 2017ರಲ್ಲಿ ಪರಿಷ್ಕರಿಸಿದ ಚೌಕಟ್ಟಿನಲ್ಲಿ ವಿಶ್ವವಿದ್ಯಾಲಯಗಳಿಗೆ ಒಟ್ಟು ಅಂಕ 1000. ಅದರಲ್ಲಿ ಸಂಶೋಧನೆ ಮತ್ತು ವಿಸ್ತರಣೆಗೆ 250. ವಿದ್ಯಾರ್ಥಿಗಳ ನೆರವು ಮತ್ತು ಪ್ರಗತಿಗೆ 100. ಆ ನೂರನ್ನೂ ವಿದ್ಯಾರ್ಥಿವೇತನ, ಕ್ರೀಡೆ, ಸಾಂಸ್ಕೃತಿಕ ಚಟುವಟಿಕೆ, ಹಳೆಯ ವಿದ್ಯಾರ್ಥಿಗಳ ಸಂಘ ಇವೆಲ್ಲ ಹಂಚಿಕೊಂಡ ಮೇಲೆ, ಓದಿದವನು ಕೊನೆಗೆ ಎಲ್ಲಿ ಮುಟ್ಟಿದ ಎಂಬ ಪ್ರಶ್ನೆಗೆ ಉಳಿಯುವುದು ಒಂದು ಪಾಲು ಮಾತ್ರ.

ಅಂಕಗಳ ಹಂಚಿಕೆಯನ್ನು ಒಪ್ಪಿಕೊಂಡರೂ ಇನ್ನೊಂದು ತೊಡಕು ಉಳಿಯುತ್ತದೆ. ಈ ಶ್ರೇಣಿ ಸಂಸ್ಥೆಗೆ ಒಟ್ಟಾಗಿ ಸಲ್ಲುತ್ತದೆ, ಅದರೊಳಗಿನ ಒಂದೊಂದು ವಿಭಾಗಕ್ಕೆ ಬೇರೆಬೇರೆಯಾಗಿ ಅಲ್ಲ. ರಸಾಯನಶಾಸ್ತ್ರದವರ ಸಂಶೋಧನಾ ಲೇಖನಗಳಿಂದಲೂ ವಾಣಿಜ್ಯ ವಿಭಾಗದವರ ಫಲಿತಾಂಶದಿಂದಲೂ ಗಳಿಸಿದ ‘ಎ ಪ್ಲಸ್’ ಪತ್ರಿಕೋದ್ಯಮ ವಿಭಾಗದ ಕರಪತ್ರದ ಮೇಲೂ ಹೊಳೆಯುತ್ತದೆ. ಆ ವಿಭಾಗದಲ್ಲಿ ಒಬ್ಬ ಪೂರ್ಣಾವಧಿ ಅಧ್ಯಾಪಕರೂ ಇಲ್ಲದಿರಬಹುದು. ಅಲ್ಲಿ ಓದಿದವರಲ್ಲಿ ಒಬ್ಬರೂ ಯಾವ ಪತ್ರಿಕೆಗೂ ಒಂದು ಸಾಲು ಬರೆಯದಿರಬಹುದು. ಮುದ್ರೆ ಅದನ್ನು ಹೇಳುವುದಿಲ್ಲ.

ವೈದ್ಯ ಶಿಕ್ಷಣಕ್ಕೆ ರಾಷ್ಟ್ರೀಯ ವೈದ್ಯಕೀಯ ಆಯೋಗವಿದೆ. ಕಾನೂನಿಗೆ ವಕೀಲರ ಪರಿಷತ್ತಿದೆ. ಎಂಜಿನಿಯರಿಂಗಿನ ಒಂದೊಂದು ಕೋರ್ಸನ್ನೂ ಬೇರೆಯಾಗಿ ನೋಡುವ ರಾಷ್ಟ್ರೀಯ ಮಾನ್ಯತಾ ಮಂಡಳಿಯಿದೆ. ಪತ್ರಿಕೋದ್ಯಮಕ್ಕೆ ಅಂಥ ಮಂಡಳಿ ಭಾರತದಲ್ಲಿ ಇಲ್ಲ. 2013ರಲ್ಲಿ ಪತ್ರಿಕಾ ಮಂಡಳಿಯ ಅಂದಿನ ಅಧ್ಯಕ್ಷ ನ್ಯಾಯಮೂರ್ತಿ ಮಾರ್ಕಂಡೇಯ ಕಾಟ್ಜು ಅವರು ಪತ್ರಕರ್ತರಿಗೆ ಕನಿಷ್ಠ ವಿದ್ಯಾರ್ಹತೆ ಏನಿರಬೇಕೆಂದು ಸೂಚಿಸಲು ಸಮಿತಿಯೊಂದನ್ನು ನೇಮಿಸಿದಾಗ ದೊಡ್ಡ ಚರ್ಚೆಯಾಯಿತು. ಪತ್ರಕರ್ತನ ಅರ್ಹತೆ ಏನೆಂದು ಎಲ್ಲರೂ ವಾದಿಸಿದರು. ಅವನನ್ನು ತಯಾರಿಸುವ ಶಾಲೆಯ ಅರ್ಹತೆ ಏನೆಂಬ ವಾದ ಅಷ್ಟು ಕೇಳಿಬರಲಿಲ್ಲ.

ಕೇಂದ್ರ ಸರ್ಕಾರದ ರಾಷ್ಟ್ರೀಯ ರ್‍ಯಾಂಕಿಂಗ್ ವ್ಯವಸ್ಥೆ 2016ರಿಂದ ಪಟ್ಟಿ ಪ್ರಕಟಿಸುತ್ತಿದೆ. ಅದು ಪದವಿ ಪಡೆದವರ ಸಂಖ್ಯೆ, ಕೆಲಸ ಸಿಕ್ಕವರ ಸಂಖ್ಯೆ, ಅವರ ಮಧ್ಯಮ ಸಂಬಳ, ಮುಂದಕ್ಕೆ ಓದಲು ಹೋದವರ ಸಂಖ್ಯೆ ಇವೆಲ್ಲವನ್ನೂ ಕೇಳಿ ಬಹಿರಂಗಪಡಿಸುತ್ತದೆ. ಇದು ಮೆಚ್ಚಬೇಕಾದ ಹೆಜ್ಜೆ. ಆದರೆ ಅಲ್ಲಿಯೂ ಲೆಕ್ಕ ‘ಮೂರು ವರ್ಷದ ಪದವಿ’, ‘ಎರಡು ವರ್ಷದ ಸ್ನಾತಕೋತ್ತರ ಪದವಿ’ ಎಂದು ಒಟ್ಟಾಗಿ ಬರುತ್ತದೆ. ಬಿ.ಕಾಂ. ಓದಿ ಲೆಕ್ಕಪರಿಶೋಧಕರ ಕಚೇರಿ ಸೇರಿದವನೂ ಪತ್ರಿಕೋದ್ಯಮ ಓದಿ ಮನೆಯಲ್ಲಿ ಕುಳಿತವನೂ ಒಂದೇ ಕಲಂನಲ್ಲಿ ಕರಗಿಹೋಗುತ್ತಾರೆ. ಎಂಜಿನಿಯರಿಂಗ್, ಕಾನೂನು, ವೈದ್ಯಕೀಯ, ಔಷಧಶಾಸ್ತ್ರಗಳಿಗೆ ಅಲ್ಲಿ ಪ್ರತ್ಯೇಕ ಪಟ್ಟಿಗಳಿವೆ, ಪತ್ರಿಕೋದ್ಯಮಕ್ಕೆ ಇಲ್ಲ.

ಈ ಸ್ಥಿತಿಯನ್ನು ಚಿನ್ನದ ವ್ಯಾಪಾರದೊಡನೆ ಹೋಲಿಸಿ ನೋಡಬೇಕು. 2000ದಲ್ಲಿ ಭಾರತೀಯ ಮಾನಕ ಸಂಸ್ಥೆ ಚಿನ್ನದ ಒಡವೆಗಳಿಗೆ ಹಾಲ್‌ಮಾರ್ಕ್ ಪದ್ಧತಿಯನ್ನು ತಂದಿತು. 2021ರ ಜೂನ್ 16ರಿಂದ ಅದು ಹಂತಹಂತವಾಗಿ ಕಡ್ಡಾಯವಾಯಿತು. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆಯೆಂದರೆ ಆರು ಅಕ್ಷರಾಂಕಗಳ ಪ್ರತ್ಯೇಕ ಗುರುತು ಇರಲೇಬೇಕು. ಅಂಗಡಿ ಎಷ್ಟು ಹಳೆಯದು, ಗಾಜಿನ ಕಪಾಟು ಎಷ್ಟು ಉದ್ದ ಎಂದು ಯಾರೂ ಕೇಳುವುದಿಲ್ಲ; ಬಳೆಯಾದರೂ ಸರವಾದರೂ ಒಂದೊಂದೂ ತನ್ನ ಮಾಪನ್ನು ತಾನೇ ಹೊತ್ತು ಗಿರಾಕಿಯ ಕೈ ಸೇರಬೇಕು. ಎರಡು ಗ್ರಾಂ ಉಂಗುರವನ್ನು ಒಂದು ಸಲ ಮಾರುವ ವರ್ತಕನಿಗೆ ಇರುವ ಈ ಹೊಣೆ, ಒಬ್ಬ ಯುವಕನ ಮೂರು ವರ್ಷಗಳನ್ನೂ ಒಂದು ಮನೆಯ ಉಳಿತಾಯವನ್ನೂ ತೆಗೆದುಕೊಳ್ಳುವ ಸಂಸ್ಥೆಗೆ ಇಲ್ಲ! ಅಂಗಡಿಗೆ ಮುದ್ರೆ ಒತ್ತಿ, ಒಡವೆಯನ್ನು ಒರೆಗೆ ಹಚ್ಚದೆ ಮಾರುವ ಈ ಪದ್ಧತಿಗೆ ಪ್ರತಿರೂಪಕವ್ಯವಹಾರ ಎಂಬುದಕ್ಕಿಂತ ಸರಿಯಾದ ಹೆಸರು ಯಾವುದು?

ಒರೆಗಲ್ಲೇ ಸವೆದರೆ?

ಮುದ್ರೆಯನ್ನು ಒತ್ತುವವರ ಬಗೆಗೂ ಪ್ರಶ್ನೆಗಳು ಎದ್ದಿವೆ. 2023ರ ಮಾರ್ಚ್‌ನಲ್ಲಿ ನ್ಯಾಕ್ ಕಾರ್ಯಕಾರಿ ಸಮಿತಿಯ ಅಧ್ಯಕ್ಷರಾಗಿದ್ದ ಭೂಷಣ್ ಪಟವರ್ಧನ್ ಅವರು, ಕೆಲವು ಸಂಸ್ಥೆಗಳು ಅಕ್ರಮ ಮಾರ್ಗಗಳಿಂದ ಶ್ರೇಣಿ ಪಡೆಯುತ್ತಿರಬಹುದೆಂಬ ಆತಂಕವನ್ನು ವ್ಯಕ್ತಪಡಿಸಿ ಸ್ಥಾನ ತ್ಯಜಿಸಿದರು. 2025ರ ಫೆಬ್ರವರಿ 1ರಂದು ಕೇಂದ್ರೀಯ ತನಿಖಾ ದಳ, ಆಂಧ್ರದ ಗುಂಟೂರು ಜಿಲ್ಲೆಯ ಡೀಮ್ಡ್ ವಿಶ್ವವಿದ್ಯಾಲಯವೊಂದರ ಪದಾಧಿಕಾರಿಗಳನ್ನೂ ಅಲ್ಲಿಗೆ ಹೋಗಿದ್ದ ನ್ಯಾಕ್ ಪರಿಶೀಲನಾ ತಂಡದವರನ್ನೂ ಸೇರಿಸಿ ಹತ್ತು ಜನರನ್ನು ಬಂಧಿಸಿತು. ‘ಎ ಪ್ಲಸ್ ಪ್ಲಸ್’ ಶ್ರೇಣಿಗಾಗಿ ನಗದು, ಮೊಬೈಲ್, ಲ್ಯಾಪ್‌ಟಾಪ್‌ಗಳ ಜೊತೆಗೆ ಚಿನ್ನವನ್ನೂ ಲಂಚವಾಗಿ ಕೊಡಲಾಯಿತೆಂಬುದು ತನಿಖಾ ದಳದ ಆರೋಪ. ಆರೋಪ ಇನ್ನೂ ಆರೋಪವೇ, ತೀರ್ಪು ನ್ಯಾಯಾಲಯದ್ದು. ಆದರೂ ವಿದ್ಯೆಯ ಮಾಪನ್ನು ಚಿನ್ನ ಕೊಟ್ಟು ಕೊಳ್ಳಬಹುದೆಂಬ ಶಂಕೆ ಹುಟ್ಟಿದ್ದೇ ನಾಚಿಕೆಯ ಸಂಗತಿ.

ಸತ್ಯಾಣುವ್ರತದ ಅತಿಚಾರಗಳಲ್ಲಿ ಮಿಥ್ಯೋಪದೇಶ, ಕೂಟಲೇಖಕ್ರಿಯೆ, ನ್ಯಾಸಾಪಹಾರ ಎಂಬ ಮೂರು ಇಲ್ಲಿ ಒಂದರ ಹಿಂದೆ ಒಂದಾಗಿ ಬಂದು ನಿಲ್ಲುತ್ತವೆ. ಸುಳ್ಳು ದಾರಿಯನ್ನು ಹಿತವೆಂದು ತೋರಿಸುವ ಕರಪತ್ರ ಮಿಥ್ಯೋಪದೇಶ. ಪರಿಶೀಲನಾ ತಂಡ ಬರುವ ವಾರದಲ್ಲಿ ಹಳೆಯ ತಾರೀಖು ಹಾಕಿ ಬರೆದ ಸಭಾ ನಡಾವಳಿಯ ಪುಸ್ತಕ ಕೂಟಲೇಖಕ್ರಿಯೆ. ತಂದೆತಾಯಿ ನಂಬಿ ಒಪ್ಪಿಸಿದ ಹಣವನ್ನೂ ಮಕ್ಕಳ ಆಯುಷ್ಯದ ಮೂರು ವರ್ಷಗಳನ್ನೂ ಇಟ್ಟುಕೊಂಡು, ಕೇಳಿದಾಗ ಲೆಕ್ಕ ಕೊಡದಿರುವುದು ನ್ಯಾಸಾಪಹಾರ. ಗಿರವಿ ಇಟ್ಟ ಒಡವೆಯನ್ನು ಕೇಳಿದ ದಿನ ಕೊಡದ ವರ್ತಕನನ್ನು ಸಮಾಜ ಕ್ಷಮಿಸುವುದಿಲ್ಲ. ವಿದ್ಯಾಸಂಸ್ಥೆಯನ್ನು ಮಾತ್ರ ಸನ್ಮಾನಿಸಿ ಹಾರ ಹಾಕುತ್ತದೆ.

ವಾಣಿಜ್ಯ ಲೋಕ ಈ ಪಾಠವನ್ನು ದುಬಾರಿ ಬೆಲೆ ತೆತ್ತು ಕಲಿತಿದೆ. ಸತ್ಯಂ ಕಂಪ್ಯೂಟರ್ಸ್ ಕಂಪೆನಿ 2008ರಲ್ಲಿ ಉತ್ತಮ ಕಾರ್ಪೊರೇಟ್ ಆಡಳಿತಕ್ಕಾಗಿ ಪ್ರಶಸ್ತಿ ಪಡೆದಿತ್ತು. 2009ರ ಜನವರಿ 7ರಂದು ಅದರ ಅಧ್ಯಕ್ಷರೇ ಲೆಕ್ಕಪತ್ರಗಳು ಸುಳ್ಳೆಂದು ಪತ್ರ ಬರೆದು ಒಪ್ಪಿಕೊಂಡರು. ಪ್ರಶಸ್ತಿಫಲಕ ಬ್ಯಾಂಕಿನ ಶಿಲ್ಕನ್ನು ತೋರಿಸಲಾರದು. ಅದಕ್ಕೆ ಕಿರ್ದಿ ಖಾತೆಗಳನ್ನೇ ತೆರೆಯಬೇಕು.

ಬೇರೆ ದೇಶದ ಒಂದು ಉದಾಹರಣೆ

ಅಮೆರಿಕದಲ್ಲಿ ಪತ್ರಿಕೋದ್ಯಮ ಶಿಕ್ಷಣಕ್ಕೆಂದೇ ಪ್ರತ್ಯೇಕ ಮಾನ್ಯತಾ ಮಂಡಳಿ 1940ರ ದಶಕದಿಂದ ಕೆಲಸ ಮಾಡುತ್ತಿದೆ. ಪತ್ರಿಕೋದ್ಯಮದ ವಿಭಾಗ ಅಥವಾ ಶಾಲೆಯನ್ನೇ ಅದು ಪರೀಕ್ಷಿಸುತ್ತದೆ. ಅದರ ಮಾನ್ಯತೆ ಪಡೆದ ಶಾಲೆಗಳು ಎಷ್ಟು ಮಂದಿ ಸೇರಿದರು, ಎಷ್ಟು ಮಂದಿ ಉಳಿದರು, ಎಷ್ಟು ಮಂದಿ ಪದವಿ ಮುಗಿಸಿದರು ಎಂಬ ಅಂಕಿಗಳನ್ನು ವರ್ಷವರ್ಷವೂ ಬಹಿರಂಗವಾಗಿ ಪ್ರಕಟಿಸಬೇಕೆಂಬುದು ನಿಯಮ. ಅಲ್ಲಿಯೂ ಎಲ್ಲವೂ ಸರಿಯಿದೆ ಎಂದಲ್ಲ. 2017ರಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಹೆಸರಾಂತ ಮೆಡಿಲ್ ಶಾಲೆ, ಈ ಪ್ರಕ್ರಿಯೆ ಮೇಲುಮೇಲಿನದು, ಕಾಲಹರಣದ್ದು ಎಂದು ಹೇಳಿ ಮಾನ್ಯತೆಯನ್ನು ನವೀಕರಿಸಿಕೊಳ್ಳಲಿಲ್ಲ. ಬರ್ಕ್ಲಿಯ ಶಾಲೆಯೂ ಅದೇ ವರ್ಷ ಹೊರಬಂದಿತು. ಈ ಪ್ರಸಂಗದಿಂದ ಕಲಿಯಬೇಕಾದದ್ದು ಒಂದಿದೆ. ಪ್ರಸಿದ್ಧವಾದ ಶಾಲೆ ಮುದ್ರೆಯಿಲ್ಲದೆಯೂ ಬದುಕುತ್ತದೆ, ಏಕೆಂದರೆ ಅದರ ವಿದ್ಯಾರ್ಥಿಗಳ ಬರಹ ಜನರ ಕಣ್ಣೆದುರಿಗಿದೆ. ಹೆಸರಿಲ್ಲದ ಶಾಲೆಗೆ ಸೇರುವ ಬಡ ವಿದ್ಯಾರ್ಥಿಗೆ ಬೇಕಾದದ್ದು ಅಂಕಿಗಳು. ಮುದ್ರೆ ಹೋದರೂ ಅಂಕಿಗಳು ಉಳಿಯಬೇಕು.

ನ್ಯಾಕ್ ತಾನೂ ದಾರಿ ಬದಲಿಸುವ ಮಾತನಾಡಿದೆ. ಡಾ. ಕೆ. ರಾಧಾಕೃಷ್ಣನ್ ಸಮಿತಿಯ ಶಿಫಾರಸನ್ನು ಅನುಸರಿಸಿ 2024ರಲ್ಲಿ, ಅಕ್ಷರಗಳ ಶ್ರೇಣಿಯನ್ನು ಬಿಟ್ಟು ‘ಮಾನ್ಯ’ ಅಥವಾ ‘ಮಾನ್ಯವಲ್ಲ’ ಎಂಬ ಎರಡೇ ತೀರ್ಪುಗಳ ಪದ್ಧತಿಯನ್ನೂ, ಅದರ ಮೇಲೆ ಐದು ಹಂತಗಳ ಮಟ್ಟವನ್ನೂ ತರುವುದಾಗಿ ಘೋಷಿಸಿತು. ಅಕ್ಷರಗಳ ಪೈಪೋಟಿ ಕಡಿಮೆಯಾದರೆ ಸಂತೋಷ. ಆದರೆ ಒಟ್ಟು ಸಂಸ್ಥೆಗೇ ‘ಮಾನ್ಯ’ ಎಂಬ ಒಂದು ಪದ ಸಿಕ್ಕಿದರೆ, ಪತ್ರಿಕೋದ್ಯಮದ ವಿದ್ಯಾರ್ಥಿಗೆ ಮೊದಲಿಗಿಂತ ಹೆಚ್ಚು ತಿಳಿದಂತಾಗುವುದಿಲ್ಲ, ಕಡಿಮೆಯೇ ತಿಳಿದಂತಾದೀತು.

ಆಕ್ಷೇಪಗಳು ಮತ್ತು ಉತ್ತರಗಳು

ಮೊದಲ ಆಕ್ಷೇಪ: ವಿದ್ಯೆ ಉದ್ಯೋಗಕ್ಕಲ್ಲ, ಜ್ಞಾನಕ್ಕೆ, ಸಂಬಳದಿಂದ ವಿದ್ಯೆಯನ್ನು ಅಳೆಯುವುದು ಲೋಭದ ಅಳತೆ. ಸಮ್ಯಗ್ಜ್ಞಾನವನ್ನು ರತ್ನತ್ರಯದಲ್ಲಿ ಪೂಜಿಸುವ ಸಮಾಜ ಈ ಮಾತನ್ನು ಗೌರವದಿಂದ ಕೇಳಬೇಕು. ಆದರೆ ಶುಲ್ಕ ಕಟ್ಟಿಸಿಕೊಳ್ಳುವ ದಿನ ಉದ್ಯೋಗದ ಆಸೆ ತೋರಿಸಿ, ಲೆಕ್ಕ ಕೇಳಿದ ದಿನ ಜ್ಞಾನದ ಮಹಿಮೆ ಹೇಳುವವರ ಬಾಯಿಗೆ ಈ ಮಾತು ಒಪ್ಪುವುದಿಲ್ಲ. ಜ್ಞಾನಕ್ಕಾಗಿಯೇ ಕಲಿಸುವ ವಿಭಾಗ ‘ಇಲ್ಲಿ ಓದಿದವರಲ್ಲಿ ಹೆಚ್ಚಿನವರು ಪತ್ರಕರ್ತರಾಗಿಲ್ಲ, ಶಿಕ್ಷಕರಾದರು, ಸರ್ಕಾರಿ ಕೆಲಸ ಸೇರಿದರು, ಒಕ್ಕಲುತನಕ್ಕೆ ಮರಳಿದರು’ ಎಂದು ಬರೆದು ಹಾಕಲಿ. ಅದರಲ್ಲಿ ಅವಮಾನವಿಲ್ಲ. ಪತ್ರಿಕೆಯನ್ನು ಎಚ್ಚರದಿಂದ ಓದಬಲ್ಲ ಶಿಕ್ಷಕನೂ ಒಳ್ಳೆಯ ಫಲವೇ.

ಎರಡನೆಯದು: ಒಳ್ಳೆಯ ಪತ್ರಕರ್ತರು ಕಾಲೇಜಿನಿಂದ ಬಂದವರಲ್ಲ. ಇದಕ್ಕೆ ಈ ಜಿಲ್ಲೆಯೇ ಸಾಕ್ಷಿ. 1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರು ಮೆಟ್ರಿಕ್ಯುಲೇಷನ್ ದಾಟಲಿಲ್ಲ. ಚಿನ್ನದ ಗಣಿ ಪ್ರದೇಶದ ಸೋಡಾ ಕಾರ್ಖಾನೆಯಲ್ಲಿ ಕೆಲಕಾಲ ದುಡಿದರು. 1913ರಲ್ಲಿ ‘ಕರ್ನಾಟಕ’ ಪತ್ರಿಕೆಯನ್ನು ಆರಂಭಿಸಿ ದಿವಾನರ ಆಡಳಿತವನ್ನು ನಿರ್ಭಯವಾಗಿ ವಿಮರ್ಶಿಸಿದರು. ಅವರಿಗೆ ಯಾವ ಶ್ರೇಣಿಯ ಮುದ್ರೆಯೂ ಇರಲಿಲ್ಲ. ಆದರೆ ಈ ಉದಾಹರಣೆ ಕಾಲೇಜುಗಳ ಹೊಣೆಯನ್ನು ಹೆಚ್ಚಿಸುತ್ತದೆಯೇ ಹೊರತು ತಗ್ಗಿಸುವುದಿಲ್ಲ. ಪದವಿಯಿಲ್ಲದೆಯೂ ಸಾಧ್ಯವಾಗುವ ವೃತ್ತಿಗೆ ಪದವಿ ಕೊಡಲು ಹಣ ಕೇಳುವವನು, ತಾನು ಸೇರಿಸುವುದೇನು ಎಂದು ತೋರಿಸಲೇಬೇಕು. 1951ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ನಾಡಿಗ ಕೃಷ್ಣಮೂರ್ತಿಯವರು ಪತ್ರಿಕೋದ್ಯಮದ ಬೋಧನೆಯನ್ನು ನೆಲೆಗೊಳಿಸಿದಾಗ, ವೃತ್ತಿಗೆ ಶಿಸ್ತನ್ನೂ ಇತಿಹಾಸದ ಅರಿವನ್ನೂ ಕೊಡಬೇಕೆಂಬ ಸ್ಪಷ್ಟ ಉದ್ದೇಶವಿತ್ತು. ಇಂದಿನ ಎಷ್ಟು ವಿಭಾಗಗಳು ತಮ್ಮ ಉದ್ದೇಶವನ್ನು ಅಷ್ಟು ಸ್ಪಷ್ಟವಾಗಿ ಹೇಳಬಲ್ಲವು?

ಮೂರನೆಯ ಆಕ್ಷೇಪ ಹೆಚ್ಚು ತೂಕದ್ದು: ಫಲಿತಾಂಶದಿಂದ ಅಳೆದರೆ ಸಣ್ಣ ಊರಿನ ಕಾಲೇಜಿಗೆ ಅನ್ಯಾಯವಾಗುತ್ತದೆ. ಚಿನ್ನದ ಗಣಿಯ ಕಾಲೊನಿಯ ಮನೆಯಲ್ಲಿ ತಮಿಳು, ಬಂಗಾರಪೇಟೆಯ ಬೀದಿಯಲ್ಲಿ ತೆಲುಗು, ಉರ್ದು. ತರಗತಿಯಲ್ಲಿ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷ್. ಮನೆಯಲ್ಲಿ ಮೊದಲ ಬಾರಿಗೆ ಪದವಿ ಓದುತ್ತಿರುವ ಮಗುವನ್ನು ಬೆಂಗಳೂರಿನ ವಕೀಲರ ಮಗುವಿನೊಡನೆ ಒಂದೇ ತಕ್ಕಡಿಯಲ್ಲಿ ತೂಗಬಹುದೆ? ಖಂಡಿತ ಕೂಡದು. ಹಾಗೆ ತೂಗಿದರೆ ಅದೇ ಹೀನಾಧಿಕಮಾನೋನ್ಮಾನವಾಗುತ್ತದೆ. ಆದ್ದರಿಂದಲೇ ಸೇರುವಾಗ ಮಗು ಎಲ್ಲಿತ್ತು, ಹೊರಡುವಾಗ ಎಲ್ಲಿದೆ ಎಂಬ ಎರಡು ಅಂಕಿಗಳೂ ಒಟ್ಟಿಗೆ ಬರಬೇಕು. ಹಾಗೆ ಬಂದರೆ, ಒಂದು ಪುಟವನ್ನು ತಪ್ಪಿಲ್ಲದೆ ಬರೆಯಲಾರದೆ ಬಂದವನನ್ನು ಮೂರು ವರ್ಷದಲ್ಲಿ ತಾಲ್ಲೂಕು ಸುದ್ದಿಯನ್ನು ನೇರವಾಗಿ ಬರೆಯಬಲ್ಲವನನ್ನಾಗಿ ಮಾಡಿದ ಕೋಲಾರ ಜಿಲ್ಲೆಯ ಕಾಲೇಜಿನ ಹಿರಿಮೆ, ನಗರದ ಗಾಜಿನ ಕಟ್ಟಡಕ್ಕಿಂತ ಎತ್ತರವಾಗಿ ಕಂಡೀತು. ಇಂದಿನ ಶ್ರೇಣಿಯಲ್ಲಿ ಆ ಹಿರಿಮೆ ಕಾಣಿಸುವುದೇ ಇಲ್ಲ.

ಇಲ್ಲಿ ಅನೇಕಾಂತದ ವಿವೇಕ ಕೆಲಸಕ್ಕೆ ಬರಬೇಕು. ಒಂದು ನಯ ವಸ್ತುವಿನ ಒಂದು ಮುಖವನ್ನು ತೋರಿಸುತ್ತದೆ. ಅಷ್ಟರ ಮಟ್ಟಿಗೆ ಅದು ನಿಜ. ಅದೇ ನಯ ತಾನೇ ಪೂರ್ಣಸತ್ಯವೆಂದು ಸಾಧಿಸಿದರೆ ದುರ್ನಯವಾಗುತ್ತದೆ. ‘ಸ್ಯಾತ್’, ಒಂದು ಅಪೇಕ್ಷೆಯಿಂದ ಈ ಸಂಸ್ಥೆ ಉತ್ತಮ ಎಂದರೆ ಅದು ಸತ್ಯವಾಗಬಹುದು. ಯಾವ ಅಪೇಕ್ಷೆಯಿಂದ ಎಂಬುದನ್ನು ಅಳಿಸಿ, ‘ಉತ್ತಮ’ ಎಂಬ ಪದವನ್ನು ಮಾತ್ರ ಫಲಕದ ಮೇಲೆ ಬರೆದರೆ ಅದು ಏಕಾಂತವಾಗುತ್ತದೆ. ಸಂಬಳದ ಅಂಕಿಯೊಂದನ್ನೇ ಹಿಡಿದು ಕುಳಿತರೂ ಏಕಾಂತವೇ. ಹಲವು ಅಂಕಿಗಳನ್ನು ಅವುಗಳ ಅಪೇಕ್ಷೆಯೊಡನೆ ಮುಂದಿಟ್ಟು ತೀರ್ಮಾನವನ್ನು ತಂದೆತಾಯಿಗೆ ಬಿಡುವುದು ಪ್ರಾಮಾಣಿಕ ಮಾರ್ಗ.

ಜೈನ ಸಮಾಜಕ್ಕೆ ಇದರಲ್ಲಿ ಏನು?

ಪತ್ರಿಕೋದ್ಯಮದ ಶಾಲೆ ಹೇಗಿದ್ದರೆ ವರ್ತಕ ಸಮಾಜಕ್ಕೇನು ಎಂದು ಕೇಳುವವರಿದ್ದಾರೆ. ಅವರು 2015ನ್ನು ನೆನೆಯಬೇಕು. ಆ ವರ್ಷದ ಆಗಸ್ಟ್ 10ರಂದು ರಾಜಸ್ಥಾನ ಹೈಕೋರ್ಟು ಸಲ್ಲೇಖನವನ್ನು ಆತ್ಮಹತ್ಯೆಯ ಕಾನೂನಿನ ಅಡಿಗೆ ತಂದಿತು. ಆಗಸ್ಟ್ 31ರಂದು ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆ ನೀಡಿತು. ಆ ಮೂರು ವಾರಗಳಲ್ಲಿ ದೇಶದ ಸಾಮಾನ್ಯ ಓದುಗನಿಗೆ ಈ ವ್ರತದ ಪರಿಚಯ ಆದದ್ದು ಶ್ರಾವಕಾಚಾರ ಗ್ರಂಥಗಳಿಂದಲ್ಲ, ಸುದ್ದಿಯಿಂದ. ಕಷಾಯಗಳನ್ನೂ ಕಾಯವನ್ನೂ ಕ್ರಮವಾಗಿ ಕೃಶಗೊಳಿಸುವ ವ್ರತಕ್ಕೂ ಹತಾಶೆಯಿಂದ ಪ್ರಾಣ ಕಳೆದುಕೊಳ್ಳುವುದಕ್ಕೂ ಇರುವ ಭೇದವನ್ನು ವರದಿಗಾರ ಅರಿತಿದ್ದಾನೆಯೇ, ಅರಿಯದಿದ್ದರೆ ಯಾರನ್ನು ಕೇಳಬೇಕೆಂದು ತಿಳಿದಿದ್ದಾನೆಯೇ, ಎರಡೂ ಪಕ್ಷಗಳನ್ನು ನ್ಯಾಯವಾಗಿ ಬರೆಯಬಲ್ಲನೇ ಎಂಬುದರ ಮೇಲೆ ಒಂದು ಸಮಾಜದ ಮಾನ ನಿಂತಿತ್ತು. ಅಂಥ ವರದಿಗಾರ ತರಗತಿಯಲ್ಲಿ ತಯಾರಾಗುತ್ತಾನೆ, ಇಲ್ಲವೆ ತಯಾರಾಗದೆ ಹೊರಬರುತ್ತಾನೆ. ಇಂದು ಇದು ಜೈನರ ಪ್ರಶ್ನೆ. ನಾಳೆ ಇನ್ನೊಂದು ಸಮುದಾಯದ್ದು.

2009ರ ಚುನಾವಣೆಗಳಲ್ಲಿ ಕಾಸು ಪಡೆದು ಸುದ್ದಿ ಪ್ರಕಟಿಸಿದ ಹಗರಣವನ್ನು ಪತ್ರಿಕಾ ಮಂಡಳಿಯೇ ವಿಚಾರಿಸಿ 2010ರಲ್ಲಿ ವರದಿ ಸಿದ್ಧಪಡಿಸಬೇಕಾಯಿತು. ಜಾಹೀರಾತನ್ನು ಸುದ್ದಿಯ ವೇಷದಲ್ಲಿ ಮಾರುವುದು ಆ ಅಪರಾಧದ ತಿರುಳು. ತನ್ನದೇ ಜಾಹೀರಾತನ್ನು ಸತ್ಯದ ವೇಷದಲ್ಲಿ ಮಾರುವ ಕಾಲೇಜಿನಲ್ಲಿ ಮೂರು ವರ್ಷ ಕುಳಿತ ವಿದ್ಯಾರ್ಥಿ, ಪಠ್ಯದ ನೀತಿಪಾಠಕ್ಕಿಂತ ಗೋಡೆಯ ಮೇಲಿನ ಪಾಠವನ್ನೇ ಚೆನ್ನಾಗಿ ಕಲಿತಾನು.

ಕಲಿಸುವವರ ಸ್ಥಿತಿಯನ್ನೂ ಮರೆಯಲಾಗದು. ಕರ್ನಾಟಕದ ಸರ್ಕಾರಿ ಪದವಿ ಕಾಲೇಜುಗಳು ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರ ಬೆನ್ನ ಮೇಲೆ ನಡೆಯುತ್ತ ಬಂದಿವೆ. ಪಠ್ಯಕ್ರಮವಾದರೋ 2021ರಲ್ಲಿ ಹೊಸ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದವಿಗೆ ಹೊರಳಿ, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿತು. ನೆಲೆಯಿಲ್ಲದ ಅಧ್ಯಾಪಕ, ನೆಲೆಯಿಲ್ಲದ ಪಠ್ಯ, ಇವೆರಡರ ನಡುವೆ ನಿಂತ ವಿದ್ಯಾರ್ಥಿಗೆ ಫಲಕದ ಅಕ್ಷರವೊಂದು ಏನು ಮಾಡೀತು?

ಆಗಬೇಕಾದದ್ದು

ಪತ್ರಿಕೋದ್ಯಮ ಕಲಿಸುವ ಪ್ರತಿಯೊಂದು ವಿಭಾಗವೂ ವರ್ಷಕ್ಕೊಮ್ಮೆ ಒಂದು ಪುಟದಲ್ಲಿ ಐದು ಲೆಕ್ಕಗಳನ್ನು ಪ್ರಕಟಿಸಬೇಕು. ಎಷ್ಟು ಮಂದಿ ಸೇರಿದರು, ಎಷ್ಟು ಮಂದಿ ಮುಗಿಸಿದರು, ನಡುವೆ ಬಿಟ್ಟವರು ಏಕೆ ಬಿಟ್ಟರು. ಮುಗಿಸಿದ ಒಂದು ವರ್ಷಕ್ಕೆ ಮತ್ತು ಮೂರು ವರ್ಷಕ್ಕೆ ಎಷ್ಟು ಮಂದಿ ಸುದ್ದಿಯ ಕೆಲಸದಲ್ಲಿದ್ದಾರೆ, ಎಷ್ಟು ಮಂದಿ ಬೇರೆ ಕೆಲಸದಲ್ಲಿದ್ದಾರೆ, ಎಷ್ಟು ಮಂದಿಗೆ ಕೆಲಸವಿಲ್ಲ. ಕೆಲಸವೆಂದರೆ ಎಂಥದು: ಸಂಬಳದ್ದೇ, ಗುತ್ತಿಗೆಯದೇ, ಸುದ್ದಿಗಿಷ್ಟು ಎಂದು ಕೊಡುವ ಬಿಡಿಗಾಸಿನದೇ. ಕಲಿಸಿದವರಲ್ಲಿ ಪೂರ್ಣಾವಧಿಯವರು ಎಷ್ಟು, ಅತಿಥಿಗಳು ಎಷ್ಟು. ಕಡೆಯದಾಗಿ, ಈ ಲೆಕ್ಕವನ್ನು ಸಂಸ್ಥೆಯ ಹೊರಗಿನವರು ಯಾರು ಪರಿಶೀಲಿಸಿದರು. ತರಗತಿ ಚಿಕ್ಕದಾಗಿದ್ದರೆ ಶೇಕಡಾ ಲೆಕ್ಕದ ಮಾಯೆ ಬೇಡ. ಹನ್ನೆರಡರಲ್ಲಿ ಮೂವರು ಎಂದೇ ಬರೆಯಲಿ.

ಇದಕ್ಕೆ ಹಣವಿಲ್ಲ, ಜನರಿಲ್ಲ ಎನ್ನುವ ನೆಪ ಈ ವಿಭಾಗಗಳಿಗೆ ಸಲ್ಲದು. ಜನರನ್ನು ಹುಡುಕಿ, ಪ್ರಶ್ನೆ ಕೇಳಿ, ಉತ್ತರವನ್ನು ಇನ್ನೊಂದು ಮೂಲದಿಂದ ಖಚಿತಪಡಿಸಿಕೊಂಡು ಬರೆಯುವುದೇ ಅಲ್ಲಿಯ ವಿದ್ಯೆ. ಕಡೆಯ ವರ್ಷದ ವಿದ್ಯಾರ್ಥಿಗಳಿಗೆ ಹಿಂದಿನ ತಂಡಗಳ ವಿದ್ಯಾರ್ಥಿಗಳನ್ನು ಹುಡುಕಿ ಮಾತನಾಡಿಸುವ ಕೆಲಸ ಕೊಡಲಿ. ವಿಭಾಗದ ಪ್ರಾಯೋಗಿಕ ಪತ್ರಿಕೆಯಲ್ಲಿ ಅದನ್ನು ತಿದ್ದದೆ ಅಚ್ಚು ಹಾಕಲಿ. ಪ್ರಾಂಶುಪಾಲರಿಗೆ ಹಿತವಾಗದ ಅಂಕಿಯನ್ನು ಅಚ್ಚು ಹಾಕುವ ಧೈರ್ಯ ಆ ವಿಭಾಗಕ್ಕೆ ಇದ್ದರೆ, ಪತ್ರಿಕೋದ್ಯಮದ ಪ್ರಾಯೋಗಿಕ ಪರೀಕ್ಷೆಯಲ್ಲಿ ಅದು ಉತ್ತೀರ್ಣವಾದಂತೆಯೇ.

ಸಮಾಜದ ಕರ್ತವ್ಯವೂ ಇದೆ. ಜೈನ ಟ್ರಸ್ಟುಗಳು ನಾಡಿನುದ್ದಕ್ಕೂ ಶಾಲೆ ಕಾಲೇಜುಗಳನ್ನು ನಡೆಸುತ್ತಿವೆ, ವಿದ್ಯಾರ್ಥಿವೇತನ ಕೊಡುತ್ತಿವೆ, ಕಟ್ಟಡಗಳಿಗೆ ದಾನ ಕೊಟ್ಟು ಹೆಸರು ಕೆತ್ತಿಸಿಕೊಳ್ಳುತ್ತಿವೆ. ಚತುರ್ವಿಧ ದಾನಗಳಲ್ಲಿ ಶಾಸ್ತ್ರದಾನ ಒಂದು. ಕಟ್ಟಡದಾನವನ್ನು ಆ ಪಟ್ಟಿಯಲ್ಲಿ ಯಾರೂ ಸೇರಿಸಿಲ್ಲ. ಲೆಕ್ಕ ಪ್ರಕಟಿಸುವ ಕ್ರಮ ಈ ಟ್ರಸ್ಟುಗಳ ಕಾಲೇಜುಗಳಿಂದಲೇ ಆರಂಭವಾಗಬೇಕು. ದಾನಿಗಳು ಮುಂದಿನ ಚೆಕ್ಕಿಗೆ ಸಹಿ ಹಾಕುವ ಮೊದಲು ಆ ಒಂದು ಪುಟವನ್ನು ಕೇಳಬೇಕು. ವಿದ್ಯಾರ್ಥಿವೇತನ ಕೊಡುವ ಸಮಿತಿಗಳು ಪುಟ ಪ್ರಕಟಿಸದ ವಿಭಾಗಕ್ಕೆ ಹಣ ಕಳುಹಿಸುವುದನ್ನು ನಿಲ್ಲಿಸಬೇಕು. ಪ್ರವೇಶದ ದಿನ ತಂದೆತಾಯಿ ಸಂಕೋಚಪಡದೆ ಕೇಳಬೇಕು. ಹತ್ತು ಗ್ರಾಂ ಚಿನ್ನ ಕೊಳ್ಳುವಾಗ ಮೂರು ಅಂಗಡಿ ವಿಚಾರಿಸಿ, ಗುರುತನ್ನು ಭೂತಗನ್ನಡಿಯಲ್ಲಿ ನೋಡಿ, ರಸೀದಿ ಪಡೆದು ಬರುವ ಜನ ಮಗುವಿನ ವಿದ್ಯೆಯ ವಿಚಾರದಲ್ಲಿ ಮಾತ್ರ ಫಲಕ ಓದಿ ತೃಪ್ತರಾಗುವುದೇಕೆ?

ಮಾನ್ಯತೆ ಬೇಡವೆಂದು ಯಾರೂ ಹೇಳುತ್ತಿಲ್ಲ. ಪರಿಷತ್ತು ಶುದ್ಧವಾಗಲಿ, ಅದರ ಒರೆಗಲ್ಲು ನಿಷ್ಠುರವಾಗಲಿ. ಆದರೆ ಕಲ್ಲು ಎಷ್ಟೇ ಒಳ್ಳೆಯದಾದರೂ ಒಡವೆಯನ್ನು ಅದಕ್ಕೆ ಉಜ್ಜಿದಾಗ ಮಾತ್ರ ಗೆರೆ ಮೂಡುತ್ತದೆ. ಆ ಗೆರೆಯನ್ನು ತೋರಿಸಲು ಒಪ್ಪದ ವಿಭಾಗಕ್ಕೆ ಪತ್ರಿಕೋದ್ಯಮದ ಹೆಸರು ಸಲ್ಲದು, ಶ್ರಾವಕರ ಹಣವೂ ಸಲ್ಲದು.